ಕುದುರೆ ಲಾಯಕ್ಕೆ ಹುಳುಕಡ್ಡಿ ಬಂದರೆ: ಮೊದಲ ಚುಕ್ಕೆಯಿಂದ ಕೊನೆಯ ತೊಳೆತದವರೆಗೆ

ಗರ್ತ್, ಅಂದರೆ ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ, ಬಿಚ್ಚಿದಾಗ ಮುಂಗಾಲಿನ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಎದ್ದು ನಿಂತಿತ್ತು. ಅಷ್ಟೇ. ಗಾಯ ಇರಲಿಲ್ಲ, ರಕ್ತ ಇರಲಿಲ್ಲ, ಕುದುರೆ ತುರಿಸಿಕೊಳ್ಳುತ್ತಲೂ ಇರಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಸವಾರಿ ಶಾಲೆಗೆ ಆ ಕುದುರೆ ಬಂದು ಆಗ 9 ದಿನ. ಪಟ್ಟಿ ಉಜ್ಜಿರಬೇಕು ಅಂದುಕೊಂಡು ಮುಲಾಮು ಹಚ್ಚಿಸಿದೆ. ಅದೇ ಗರ್ತನ್ನು ಮರುದಿನ ಮಕ್ಕಳ ಕ್ಲಾಸಿನ ಕುದುರೆಗೆ ಬಿಗಿದೆವು.

ಎರಡನೇ ಕುದುರೆಗೆ ಚುಕ್ಕೆ ಕಾಣಿಸಿದಾಗ ಕುದುರೆ ನೋಡಿಕೊಳ್ಳುವ ನಮ್ಮ ಹಿರಿಯ ಸೈಸ್ ಚಾಚಾ ಬೆರಳು ಆಡಿಸಿ ನೋಡಿ ಹೇಳಿದರು: "ಇದು ಪಟ್ಟಿ ಗಾಯ ಅಲ್ಲ ಸಾರ್. ದಾದ್ ಇದು." ಅಂದರೆ ಹುಳುಕಡ್ಡಿ. ಆಗಲೇ ತಡವಾಗಿತ್ತು. ಐದು ವಾರದಲ್ಲಿ 14 ಕುದುರೆಗಳ ಪೈಕಿ 6ಕ್ಕೆ ಬಂತು. ಇಬ್ಬರು ಸೈಸ್‌ಗಳ ಕೈಗೆ ಹತ್ತಿತು. ಅವರಲ್ಲಿ ಒಬ್ಬರ ಪುಟ್ಟ ಮಗಳ ಕುತ್ತಿಗೆಯ ಮೇಲೆ ಕೆಂಪು ಬಳೆಯ ಹಾಗೆ ಎದ್ದಿತು. ಕುದುರೆಗಳಿಗೆ ವಾಸಿಯಾಯಿತು. ಆ ಮಗುವಿನ ಕುತ್ತಿಗೆ ಮಾತ್ರ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ.

ಆಗ ನಮಗೆ ಅರ್ಥವಾದ ಒಂದು ವಿಷಯದ ಸುತ್ತಲೇ ಈ ಬರಹ ಇದೆ. ಹುಳುಕಡ್ಡಿ ಕುದುರೆಯ ಮೈಮೇಲೆ ಕಾಣಿಸುತ್ತದೆ, ಆದರೆ ಲಾಯದಲ್ಲಿ ಓಡಾಡುವುದು ಗರ್ತ್, ಬ್ರಷ್, ಹಗ್ಗ, ಒರೆಸುವ ಬಟ್ಟೆ ಮತ್ತು ನಮ್ಮ ಕೈಗಳ ಮೂಲಕ. ಕುದುರೆಯನ್ನು ಮಾತ್ರ ತೊಳೆದರೆ ಅರ್ಧ ಕೆಲಸ ಆದ ಹಾಗೆ.

ಇದು ಹುಳ ಅಲ್ಲ

ಹೆಸರಿನಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಬೂಷ್ಟಿನ ಜಾತಿಯದ್ದು. ಕೆಲವರು ಗಜಕರ್ಣ ಅನ್ನುತ್ತಾರೆ. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೋಫೈಟಾನ್ ಈಕ್ವೈನಮ್. ಬೆಕ್ಕು ನಾಯಿಗಳಿಂದ ಮೈಕ್ರೋಸ್ಪೋರಮ್ ಕ್ಯಾನಿಸ್ ಬರಬಹುದು. ದನಕರುಗಳಿಂದ ಬರುವುದು ಟ್ರೈಕೋಫೈಟಾನ್ ವೆರುಕೋಸಮ್. ಲಾಯದ ಬೇಲಿಗೆ ಬೀದಿ ದನ ಬಂದು ಮೈ ಉಜ್ಜುತ್ತಿದ್ದರೆ ಅದನ್ನೂ ಗಮನಿಸಿ.

ಈ ಶಿಲೀಂಧ್ರ ಕೂದಲು ಮತ್ತು ಚರ್ಮದ ಮೇಲ್ಪದರದಲ್ಲಿರುವ ಕೆರಟಿನ್ ಅನ್ನುವ ಪ್ರೋಟೀನ್ ತಿಂದು ಬೆಳೆಯುತ್ತದೆ. ಕೂದಲು ಬುಡದಲ್ಲಿ ಸೊರಗಿ ಮುರಿದು ಬೀಳುತ್ತದೆ. ಮುರಿದ ಪ್ರತಿ ಚೂರಿನಲ್ಲೂ ಬೀಜಕಣಗಳು ತುಂಬಿರುತ್ತವೆ. ಕಟ್ಟಿಗೆಯ ಸಂದಿನಲ್ಲಿ, ಬ್ರಷ್ಷಿನ ಬುಡದಲ್ಲಿ, ಒಣಗಿದ ಕೂದಲಿನಲ್ಲಿ ಅವು ತಿಂಗಳುಗಟ್ಟಲೆ ಬದುಕಿರುತ್ತವೆ. ಒಂದು ವರ್ಷ ದಾಟಿದರೂ ಸಾಯದೇ ಇರಬಹುದು.

ಅಂಟಿದ ದಿನವೇ ಚುಕ್ಕೆ ಕಾಣುವುದಿಲ್ಲ. ಸಾಮಾನ್ಯವಾಗಿ 1 ರಿಂದ 3 ವಾರ ಬೇಕು, ಕೆಲವೊಮ್ಮೆ 4 ವಾರವೂ ಆಗುತ್ತದೆ. ಹಾಗಾಗಿ ನಿಮಗೆ ಇವತ್ತು ಕಂಡ ಚುಕ್ಕೆ ಇವತ್ತಿನದಲ್ಲ. ಕಳೆದ ಮೂರು ವಾರ ಆ ಗರ್ತನ್ನು ಯಾವ್ಯಾವ ಕುದುರೆಗೆ ಬಿಗಿದಿದ್ದಿರಿ ಅಂತ ಮೊದಲು ಯೋಚಿಸಿ.

ಎಳೆಯ ಕುದುರೆಗಳಿಗೆ ಇದು ಬೇಗ ಹತ್ತುತ್ತದೆ. ರೇಸ್ ಲಾಯಗಳಲ್ಲಿ ಎರಡು ವರ್ಷದ ಮರಿಗಳು ತರಬೇತಿಗೆ ಬಂದಾಗ ಒಂದರ ಹಿಂದೆ ಒಂದಕ್ಕೆ ಬರುವುದು ಇದಕ್ಕೇ. ಒಮ್ಮೆ ಬಂದು ಹೋದ ಕುದುರೆಗೆ ಒಂದಷ್ಟು ಕಾಲ ರಕ್ಷಣೆ ಸಿಗುತ್ತದೆ, ಆದರೆ ಅದು ಜೀವನಪೂರ್ತಿ ಇರುತ್ತದೆ ಅಂತ ನಂಬಬೇಡಿ. ಮಳೆಗಾಲದ ತೇವ, ಬೆವರು ಮತ್ತು ಪಟ್ಟಿ ಉಜ್ಜಿದ ಚರ್ಮ ಮೂರೂ ಸೇರಿದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ.

ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ

ದಿನಾ ಬೆಳಿಗ್ಗೆ ಮಾಲಿಷ್‌ಗೆ (ಕುದುರೆಯ ಮೈ ಉಜ್ಜುವುದಕ್ಕೆ) ಮುಂಚೆ ಬೆರಳ ತುದಿಯಿಂದ ಕೂದಲಿಗೆ ಎದುರಾಗಿ ಸವರಿ. ಗರ್ತ್ ಕೂರುವ ಜಾಗ, ಜೀನಿನ ಕೆಳಗೆ, ಭುಜ, ಕುತ್ತಿಗೆ, ಹಾಲ್ಟರ್ (ಕಟ್ಟಿಹಾಕಲು ತಲೆಗೆ ತೊಡಿಸುವ ಪಟ್ಟಿ) ತಾಗುವ ಕೆನ್ನೆ, ಕಣ್ಣಿನ ಸುತ್ತ. ಶುರುವಿನಲ್ಲಿ ಸಾಸಿವೆ ಕಾಳಿನಂಥ ಗಂಟು ಸಿಗುತ್ತದೆ. ಅದರ ಮೇಲೆ ಕೂದಲು ಕುಚ್ಚಿನ ಹಾಗೆ ನಿಂತಿರುತ್ತದೆ. ಕೆಲವು ದಿನದಲ್ಲಿ ಆ ಕುಚ್ಚು ಹೊಟ್ಟಿನ ಸಮೇತ ಕಿತ್ತು ಬರುತ್ತದೆ. ಅಡಿಯಲ್ಲಿ ಬೂದು ಬಣ್ಣದ, ಹೊಟ್ಟು ಉದುರುವ ಚರ್ಮ ಕಾಣುತ್ತದೆ. ಚುಕ್ಕೆ ಅಂಚಿನಲ್ಲಿ ಬೆಳೆಯುತ್ತಾ ಹೋಗುತ್ತದೆ. ಎಲ್ಲವೂ ಚೆಂದದ ವೃತ್ತವಾಗಿಯೇ ಇರುವುದಿಲ್ಲ. ನಾಲ್ಕು ಚುಕ್ಕೆ ಕೂಡಿಕೊಂಡರೆ ಅದು ನಕ್ಷೆಯ ಹಾಗೆ ಕಾಣುತ್ತದೆ.

ಹೆಚ್ಚಿನ ಕುದುರೆಗಳಿಗೆ ತುರಿಕೆ ಇರುವುದಿಲ್ಲ, ಇದ್ದರೂ ಸ್ವಲ್ಪ. ಬೇಲಿಗೆ ಮೈ ತಿಕ್ಕಿ ರಕ್ತ ಬರಿಸಿಕೊಳ್ಳುತ್ತಿದ್ದರೆ ಕಜ್ಜಿ ಹುಳವನ್ನೋ ಹೇನನ್ನೋ ಅನುಮಾನಿಸಿ. ಮಳೆಯಲ್ಲಿ ನೆನೆದ ಕುದುರೆಯ ಬೆನ್ನು ಮತ್ತು ಸೊಂಟದ ಮೇಲೆ ಬಣ್ಣದ ಕುಂಚದಂತೆ ಕೂದಲು ಅಂಟಿಕೊಂಡು, ಕಿತ್ತರೆ ಕೆಳಗೆ ಕೀವು ಕಂಡರೆ ಅದು ಬ್ಯಾಕ್ಟೀರಿಯಾದಿಂದ ಬರುವ ಮಳೆಗಾಲದ ಚರ್ಮರೋಗ ಇರಬಹುದು. ಅದರ ಔಷಧಿಯೇ ಬೇರೆ. ಸೊಳ್ಳೆ, ನೊಣ ಕಚ್ಚಿದ ಗಂಟುಗಳು ಒಂದೆರಡು ದಿನದಲ್ಲಿ ಇಳಿಯುತ್ತವೆ. ಸಾರ್ಕಾಯ್ಡ್ ಅನ್ನುವ ಚರ್ಮದ ಗಡ್ಡೆಯೂ ಶುರುವಿನಲ್ಲಿ ಕೂದಲಿಲ್ಲದ ವೃತ್ತದ ಹಾಗೇ ಕಾಣುತ್ತದೆ, ಆದರೆ ತಿಂಗಳು ಕಳೆದರೂ ಹೋಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಚರ್ಮದಡಿ ಸಾಲಾಗಿ ಗಂಟು, ಅವು ಒಡೆದು ಅಂಟಂಟಾದ ಕೀವು, ಜೊತೆಗೆ ಮೂಗಿನಿಂದ ಸಿಂಬಳ, ಜ್ವರ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಇರಬಹುದು. ಅದು ಮನುಷ್ಯರ ಜೀವಕ್ಕೂ ಅಪಾಯ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ಕುದುರೆಯನ್ನು ಅಲ್ಲೇ ಬಿಟ್ಟು ತಕ್ಷಣ ಪಶುವೈದ್ಯರನ್ನು ಕರೆಯಿರಿ.

ಅನುಮಾನ ಬಂದ ಮೊದಲ ಗಂಟೆ

ಲ್ಯಾಬ್ ವರದಿಗೆ ಕಾಯಬೇಡಿ. ಅನುಮಾನ ಬಂದ ಕೂಡಲೇ ಆ ಕುದುರೆಯ ಕೆಲಸ ನಿಲ್ಲಿಸಿ. ಕೈಯಲ್ಲಿರುವ ಬ್ರಷ್ ಅಲ್ಲೇ ಕೆಳಗಿಡಿ. ಆ ಬ್ರಷ್, ಗರ್ತ್, ನಮ್ದಾ (ಜೀನಿನ ಅಡಿಯ ಮೆತ್ತೆ), ಹಾಲ್ಟರ್, ಹಗ್ಗ, ಒರೆಸಿದ ಬಟ್ಟೆ ಎಲ್ಲವನ್ನೂ ಒಂದು ದೊಡ್ಡ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕೈ ಸೋಪಿನಲ್ಲಿ ತೊಳೆಯಿರಿ. ಬೇರೆ ಕುದುರೆ ಮುಟ್ಟುವ ಮುಂಚೆ ಶರ್ಟ್ ಬದಲಿಸಿ. ಶರ್ಟ್ ಯಾಕೆ ಅಂದರೆ, ಕುದುರೆ ನಮ್ಮ ಭುಜಕ್ಕೆ ತಲೆ ಉಜ್ಜುತ್ತದೆ ಅಲ್ವಾ, ಆ ಕೂದಲು ಅಲ್ಲೇ ಕೂತಿರುತ್ತದೆ.

ಕುದುರೆಯನ್ನು ಲಾಯದ ಸಾಲಿನ ಕೊನೆಯ ಕೋಣೆಗೆ ಹಾಕಿ. ಪಕ್ಕದ ಕುದುರೆಯ ಮೂತಿ ತಾಗದ ಹಾಗಿರಬೇಕು. ಗಾಳಿ ಬೆಳಕು ಇರುವ ಜಾಗ ಆದರೆ ಒಳ್ಳೆಯದು. ಪ್ರತ್ಯೇಕ ಇಡುವುದು ಅಂದರೆ ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದಲ್ಲ. ಕುದುರೆ ಗುಂಪಿನ ಪ್ರಾಣಿ. ಉಳಿದವು ಕಣ್ಣಿಗೆ ಕಾಣುವಂತಿದ್ದರೆ ಅದು ಸಮಾಧಾನವಾಗಿ ಮೇವು ತಿನ್ನುತ್ತದೆ.

ಆಮೇಲೆ ಮೂರು ಬಣ್ಣದ ಟೇಪ್ ತನ್ನಿ. ಚುಕ್ಕೆ ಕಂಡ ಕುದುರೆಯ ಬಾಗಿಲಿಗೆ ಕೆಂಪು. ಅದರ ಸಾಮಾನು ಹಂಚಿಕೊಂಡ, ಪಕ್ಕದಲ್ಲಿ ಕಟ್ಟಿದ್ದ ಕುದುರೆಗಳಿಗೆ ಹಳದಿ. ಉಳಿದವಕ್ಕೆ ಹಸಿರು. ಅವುಗಳ ಬಕೆಟ್, ಸಲಿಕೆ, ಬ್ರಷ್ಷಿಗೂ ಅದೇ ಬಣ್ಣ ಸುತ್ತಿ. ಓದಲು ಬಾರದವರಿಗೂ ಬಣ್ಣ ಅರ್ಥವಾಗುತ್ತದೆ. ನಾವು ಮೊದಲು ಗೋಡೆಗೆ ನಿಯಮಗಳ ಪಟ್ಟಿ ಅಂಟಿಸಿದ್ದೆವು, ಯಾರಿಗೂ ಉಪಯೋಗವಾಗಲಿಲ್ಲ. ಟೇಪ್ ಬಂದ ದಿನದಿಂದ ತಪ್ಪುಗಳು ನಿಂತವು.

ಕೆಲಸದ ಕ್ರಮವೂ ಅದೇ: ಹಸಿರು ಮೊದಲು, ಹಳದಿ ಆಮೇಲೆ, ಕೆಂಪು ಕೊನೆಗೆ. ಕೆಂಪಿನಿಂದ ಹಸಿರಿಗೆ ವಾಪಸ್ ಹೋಗುವುದೇ ಬೇಡ. ಸಾಧ್ಯವಾದರೆ ಕೆಂಪು ಕುದುರೆಗಳಿಗೆ ಒಬ್ಬರೇ ಸೈಸ್ ಇರಲಿ.

ಸ್ಯಾಂಪಲ್ ತೆಗೆಸುವಾಗ

ಔಷಧಿ ಹಚ್ಚುವ ಮುಂಚೆ ಸ್ಯಾಂಪಲ್ ತೆಗೆಯಬೇಕು. ಪಶುವೈದ್ಯರೇ ತೆಗೆದರೆ ಒಳ್ಳೆಯದು. ಚುಕ್ಕೆಯ ನಡುವಿನಿಂದ ಅಲ್ಲ, ಅಂಚಿನಿಂದ ಕೂದಲು ಕಿತ್ತು ತೆಗೆಯುತ್ತಾರೆ, ಏಕೆಂದರೆ ಶಿಲೀಂಧ್ರ ಚುರುಕಾಗಿರುವುದು ಅಲ್ಲೇ. ಮುಂಚೆ ಆ ಜಾಗವನ್ನು ಸ್ಪಿರಿಟ್‌ನಿಂದ ಮೆಲ್ಲಗೆ ಒರೆಸುತ್ತಾರೆ. ಕಾಗದದ ಲಕೋಟೆಯಲ್ಲಿ ಹಾಕಿ. ಪ್ಲಾಸ್ಟಿಕ್ ಕವರ್‌ನಲ್ಲಿ ಬೆವರಿ ಬೇರೆ ಬೂಷ್ಟು ಬೆಳೆದುಬಿಡುತ್ತದೆ.

ಸೂಕ್ಷ್ಮದರ್ಶಕದಲ್ಲಿ ಅವತ್ತೇ ಒಂದು ಅಂದಾಜು ಸಿಗಬಹುದು. ಬೆಳೆಸಿ ನೋಡಲು 2 ರಿಂದ 3 ವಾರ ಬೇಕು. ಶಿಲೀಂಧ್ರದ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುವ ಕಡೆ ಕೆಲವೇ ದಿನದಲ್ಲಿ ತಿಳಿಯುತ್ತದೆ. ಲಕೋಟೆ ಮೇಲೆ "ಕುದುರೆಯದ್ದು" ಅಂತ ದೊಡ್ಡದಾಗಿ ಬರೆಯಿರಿ. ಇದು ಸಣ್ಣ ವಿಷಯ ಅಲ್ಲ. ಟ್ರೈಕೋಫೈಟಾನ್ ಈಕ್ವೈನಮ್ ಬೆಳೆಯಲು ಸಾಮಾನ್ಯವಾಗಿ ನಿಕೋಟಿನಿಕ್ ಆಮ್ಲ ಅನ್ನುವ ವಿಟಮಿನ್ ಬೇಕು. ಲ್ಯಾಬಿನವರು ಅದನ್ನು ಸೇರಿಸದಿದ್ದರೆ ರೋಗ ಇದ್ದೂ ಇಲ್ಲ ಅಂತ ವರದಿ ಬರಬಹುದು. ಅತಿನೇರಳೆ ಬೆಳಕಿನ ವುಡ್ಸ್ ಲ್ಯಾಂಪ್ ಹಿಡಿದು "ಹೊಳೆಯುತ್ತಿಲ್ಲ, ಹುಳುಕಡ್ಡಿ ಅಲ್ಲ" ಅಂದರೂ ಒಪ್ಪಬೇಡಿ. ಈ ಜಾತಿ ಆ ಬೆಳಕಿಗೆ ಹೊಳೆಯುವುದಿಲ್ಲ.

ಬೆಂಗಳೂರಿನ ಸುತ್ತ ಇರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಹಳ್ಳಿಯಲ್ಲಿ ಒಂದೇ ಕುದುರೆ ಸಾಕಿದವರು 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶು ಚಿಕಿತ್ಸೆಯ ಉಚಿತ ಸಂಖ್ಯೆ.

ತೊಳೆಯುವುದು

ಚಿಕಿತ್ಸೆ ಕೊಡದಿದ್ದರೂ ಹೆಚ್ಚಿನ ಕುದುರೆಗಳಿಗೆ 6 ರಿಂದ 12 ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. "ಹಾಗಾದರೆ ಸುಮ್ನೆ ಯಾಕೆ ಖರ್ಚು?" ಅಂತ ಕೇಳುವವರಿದ್ದಾರೆ. ಆ ಮೂರು ತಿಂಗಳು ಕುದುರೆ ಲಾಯದ ತುಂಬ ಬೀಜಕಣ ಉದುರಿಸುತ್ತಿರುತ್ತದೆ, ಅದಕ್ಕೆ. ಔಷಧಿ ಹಾಕುವುದು ಈ ಒಂದು ಕುದುರೆಗಷ್ಟೇ ಅಲ್ಲ, ಉಳಿದ ಎಲ್ಲವುಗಳಿಗಾಗಿ.

ಕುದುರೆಗೆ ಚೆನ್ನಾಗಿ ಒಗ್ಗುವುದು ಎನಿಲ್‌ಕೊನಜೋಲ್ ಅನ್ನುವ ಶಿಲೀಂಧ್ರನಾಶಕ ದ್ರಾವಣ. ಶೇ 10ರ ಬಾಟಲಿಯಾದರೆ 1 ಪಾಲಿಗೆ 50 ಪಾಲು ನೀರು, ಅಂದರೆ 100 ಮಿ.ಲೀ.ಗೆ 5 ಲೀಟರ್ ಉಗುರುಬೆಚ್ಚಗಿನ ನೀರು. 3 ದಿನಕ್ಕೊಮ್ಮೆ, ಒಟ್ಟು 4 ಸಲ. ಅದು ಸಿಗದಿದ್ದರೆ ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡೂ ಶೇ 2ರಷ್ಟು ಇರುವ ಶಾಂಪೂ ವಾರಕ್ಕೆ ಎರಡು ಸಲ. ನಮ್ಮ ಪಶು ಔಷಧಿ ಅಂಗಡಿಗಳಲ್ಲಿ ನಾಯಿಗಳಿಗೆಂದು ಕೀಟೊಕೊನಜೋಲ್ ಬೆರೆಸಿದ ಶಾಂಪೂ ಸುಲಭವಾಗಿ ಸಿಗುತ್ತದೆ. ವೈದ್ಯರು ಒಪ್ಪಿದರೆ ಅದನ್ನೂ ಬಳಸಬಹುದು. ಬರೀ ಕ್ಲೋರ್‌ಹೆಕ್ಸಿಡಿನ್ ಶಿಲೀಂಧ್ರಕ್ಕೆ ಸಾಲದು. ಗಂಧಕ ಸುಣ್ಣದ ದ್ರಾವಣವೂ ಕೆಲಸ ಮಾಡುತ್ತದೆ, ಆದರೆ ಕೊಳೆತ ಮೊಟ್ಟೆಯ ವಾಸನೆ, ಬಿಳಿ ಕುದುರೆಗೆ ಹಳದಿ ಕಲೆ.

ನಾವು ಮಾಡುವ ಕ್ರಮ ಹೀಗಿದೆ:

1. ಬಿಸಿಲು ಬರುವ ದಿನ ನೋಡಿ, ಬೆಳಿಗ್ಗೆ 9 ಗಂಟೆಯ ಸುಮಾರಿಗೆ ಶುರುಮಾಡುತ್ತೇವೆ. ಸಂಜೆ ತೊಳೆದರೆ ರಾತ್ರಿಯೆಲ್ಲ ತೇವ ಉಳಿಯುತ್ತದೆ.
2. ಕೈಗವಸು, ತುಂಬು ತೋಳಿನ ಅಂಗಿ, ಪ್ಲಾಸ್ಟಿಕ್ ಏಪ್ರನ್. ಬ್ರಷ್ ಮುಟ್ಟುವುದಿಲ್ಲ. ಒಣ ಬ್ರಷ್ ಹಾಕಿದರೆ ಬೀಜಕಣ ಗಾಳಿಗೆ ಹಾರುತ್ತದೆ, ಒಂದು ಚುಕ್ಕೆ ಇದ್ದಲ್ಲಿ ಹತ್ತಾಗುತ್ತದೆ.
3. ಹೊಟ್ಟು ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆಯಿಂದ ಐದು ನಿಮಿಷ ನೆನೆಸುತ್ತೇವೆ. ಮೆತ್ತಗಾದ ಮೇಲೆ ತಾನಾಗೇ ಬಂದಷ್ಟನ್ನೇ ತೆಗೆದು ಚೀಲಕ್ಕೆ ಹಾಕುತ್ತೇವೆ. ಒಣಗಿದ್ದನ್ನು ಉಗುರಿನಿಂದ ಕೀಳುವುದಿಲ್ಲ. ನೋವಾಗುತ್ತದೆ, ರಕ್ತ ಬರುತ್ತದೆ.
4. ಮೊದಲ ಸಲ ಇಡೀ ಮೈಗೆ ಔಷಧಿ, ತಲೆಯಿಂದ ಬಾಲದವರೆಗೆ. ಕಣ್ಣಿಗೆ ಮೂಗಿಗೆ ಹೋಗದ ಹಾಗೆ ಮುಖಕ್ಕೆ ಸ್ಪಂಜಿನಿಂದ. ಕಣ್ಣಿಗೆ ಕಾಣದ ಚುಕ್ಕೆಗಳು ಯಾವಾಗಲೂ ಇರುತ್ತವೆ.
5. ಆಮೇಲಿನ ಸಲಗಳಲ್ಲಿ ಚುಕ್ಕೆ ಮತ್ತು ಅದರ ಸುತ್ತ ಒಂದು ಗೇಣು. ಹೊರಗಿನಿಂದ ಒಳಕ್ಕೆ ಉಜ್ಜುತ್ತೇವೆ.
6. ಶಾಂಪೂ ಆದರೆ ಗಡಿಯಾರ ನೋಡಿ 10 ನಿಮಿಷ ಬಿಟ್ಟು ತೊಳೆಯುತ್ತೇವೆ. ಎನಿಲ್‌ಕೊನಜೋಲ್ ಆದರೆ ತೊಳೆಯದೆ ಹಾಗೇ ಒಣಗಲು ಬಿಡುತ್ತೇವೆ.
7. ಒರೆಸಲು ಹಳೆ ಬಟ್ಟೆ, ಒಂದು ಕುದುರೆಗೆ ಒಂದೇ. ಮುಗಿದ ಮೇಲೆ ಸುಡುವುದು ಇಲ್ಲವೇ ಕುದಿಸುವುದು.

ಹತ್ತು ನಿಮಿಷ ಅನ್ನುವಲ್ಲೇ ಎಲ್ಲರೂ ತಪ್ಪುವುದು. ಸೋಪು ಹಾಕಿ ಎರಡೇ ನಿಮಿಷಕ್ಕೆ ನೀರು ಬಿಟ್ಟರೆ ಔಷಧಿ ನೆಲಕ್ಕೆ ಹೋಗುತ್ತದೆ. ಆ ಹತ್ತು ನಿಮಿಷ ಕುದುರೆಗೆ ಒಂದು ಹಿಡಿ ಹಸಿ ಹುಲ್ಲು ಕೊಟ್ಟು ಜೊತೆಗೆ ನಿಂತುಕೊಳ್ಳಿ.

ಮಷಿನ್ನಿನಿಂದ ಇಡೀ ಮೈ ಕೂದಲು ಕತ್ತರಿಸಬೇಡಿ. ಬ್ಲೇಡು ಚರ್ಮವನ್ನು ಗೀರುತ್ತದೆ, ಕೂದಲು ಹಾರುತ್ತದೆ, ಆ ಮಷಿನ್ ಮುಂದಿನ ಲಾಯಕ್ಕೂ ರೋಗ ಒಯ್ಯುತ್ತದೆ.

ಗುಣವಾಗುತ್ತಿದೆಯೋ ಇಲ್ಲವೋ ತಿಳಿಯಲು ಪ್ರತಿ ತೊಳೆತದ ದಿನ ಅದೇ ದೂರದಿಂದ ಫೋಟೊ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಚ್ಚಬಾರದ್ದು, ಕೊಡಬಾರದ್ದು

ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ತುರಿಕೆ ಕ್ರೀಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಒಳಗೆ ಶಿಲೀಂಧ್ರ ಹರಡುತ್ತಲೇ ಇರುತ್ತದೆ, ಏಕೆಂದರೆ ಅದನ್ನು ಎದುರಿಸುವ ಚರ್ಮದ ಶಕ್ತಿಯನ್ನೇ ಸ್ಟೀರಾಯ್ಡ್ ಕುಗ್ಗಿಸುತ್ತದೆ. ಕುದುರೆಗೂ ಬೇಡ, ನಿಮಗೂ ಬೇಡ. ರೇಸ್ ಕುದುರೆಯಾದರೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯವೂ ಇದೆ. ಯಾವ ಕ್ರೀಮನ್ನೂ ವೈದ್ಯರನ್ನು ಕೇಳದೆ ಹಚ್ಚಬೇಡಿ.

ಗ್ರೈಸಿಯೋಫಲ್ವಿನ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ಮೇವಿನಲ್ಲಿ ಬೆರೆಸಿ ಕೊಡುವ ಪದ್ಧತಿ ಹಿಂದಿನಿಂದ ಇದೆ. ಕುದುರೆಗಳಲ್ಲಿ ಅದರ ಪ್ರಯೋಜನಕ್ಕೆ ಗಟ್ಟಿ ಆಧಾರ ಕಡಿಮೆ. ಗಬ್ಬದ ಹೆಣ್ಣು ಕುದುರೆಗೆ ಕೊಡಲೇಬಾರದು, ಹೊಟ್ಟೆಯ ಮರಿ ಊನವಾಗಬಹುದು. ಗರ್ಭಿಣಿಯರು ಆ ಪುಡಿಯನ್ನು ಮುಟ್ಟಲೂ ಬಾರದು.

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್, ಬ್ಲೀಚ್, ಇವನ್ನೆಲ್ಲ ಕುದುರೆಯ ಮೈಗೆ ಹಚ್ಚಿದ್ದನ್ನು ನಾನು ನೋಡಿದ್ದೇನೆ. ಚರ್ಮ ಸುಟ್ಟು, ಹುಳುಕಡ್ಡಿಗಿಂತ ದೊಡ್ಡ ಗಾಯ ಆಗುತ್ತದೆ. ದಯವಿಟ್ಟು ಬೇಡ. ಬೇವಿನ ಎಣ್ಣೆ, ಸೀಮೆ ಅಗಸೆ ಸೊಪ್ಪಿನ ರಸದ ಮೇಲೆ ಹಿರಿಯರಿಗೆ ನಂಬಿಕೆ ಇದೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಹತ್ತಾರು ಕುದುರೆ ಇರುವ ಲಾಯದಲ್ಲಿ ಅದೊಂದನ್ನೇ ನಂಬಿ ಕೂರಬೇಡಿ. ಎಣ್ಣೆ ಹಚ್ಚಿದ ಜಾಗಕ್ಕೆ ಧೂಳು ಮೆತ್ತಿ, ಔಷಧಿ ಚರ್ಮಕ್ಕೆ ಇಳಿಯುವುದೂ ಇಲ್ಲ.

ಸಾಮಾನುಗಳು

ಇಲ್ಲಿ ಆತುರ ಪಡಬೇಡಿ. ನಮ್ಮ ಲಾಯದಲ್ಲಿ ಆರನೇ ಕುದುರೆಗೆ ಹೇಗೆ ಬಂತು ಅಂತ ಎಷ್ಟು ಹುಡುಕಿದರೂ ತಿಳಿದಿರಲಿಲ್ಲ. ಅದು ಬೇರೆ ಸಾಲಿನಲ್ಲಿತ್ತು. ಬೇರೆ ಗರ್ತ್, ಬೇರೆ ಬ್ರಷ್. ಕೊನೆಗೆ ಗೊತ್ತಾಗಿದ್ದು ಹೆಗಲ ಮೇಲಿನ ವಸ್ತ್ರ. ಸೈಸ್‌ಗಳು ಮಾಲಿಷ್ ಮುಗಿಸಿ ಕುದುರೆಯ ಮುಖ, ಕುತ್ತಿಗೆ ಒರೆಸಲು ಒಂದು ಬಟ್ಟೆ ಇಟ್ಟುಕೊಂಡಿರುತ್ತಾರೆ. ಅದೇ ಬಟ್ಟೆಯಲ್ಲಿ ಎಲ್ಲ ಕುದುರೆಗಳ ಮುಖ, ಅದರಲ್ಲೇ ತಮ್ಮ ಬೆವರು. ಪ್ರೀತಿಯಿಂದ ಒರೆಸುವ ಕೈಯೇ ರೋಗ ದಾಟಿಸುತ್ತಿತ್ತು. ಯಾರಿಗೂ ಅದು ಸಾಮಾನು ಅನ್ನಿಸಿರಲೇ ಇಲ್ಲ. ಈಗ ನಮ್ಮಲ್ಲಿ ಪ್ರತಿ ಬಾಗಿಲಿಗೆ ಒಂದು ವಸ್ತ್ರ ನೇತುಹಾಕಿದೆ. ವಾರಕ್ಕೆ ಎರಡು ಸಲ ಕುದಿಸುತ್ತೇವೆ.

ಬಟ್ಟೆ, ನಮ್ದಾ, ಕಂಬಳಿ: ಮೊದಲು ಹೊರಗೆ ಅಂಟಿದ ಕೂದಲನ್ನೆಲ್ಲ ತೆಗೆಯಿರಿ. ಮಷಿನ್ನಿಗೆ ಕಡಿಮೆ ಬಟ್ಟೆ, ಜಾಸ್ತಿ ನೀರು, ಉದ್ದದ ಸೈಕಲ್. ಒಂದು ಸಲ ಅಲ್ಲ, ಎರಡು ಸಲ. ಬೀಜಕಣ ಹೋಗುವುದು ಮುಖ್ಯವಾಗಿ ಅಲುಗಾಟದಿಂದ. ತಡೆಯುವ ಬಟ್ಟೆಯಾದರೆ 60 ಡಿಗ್ರಿ ಬಿಸಿ ನೀರು. ಆಮೇಲೆ ಪೂರ್ತಿ ಬಿಸಿಲು, ಎರಡೂ ಮಗ್ಗುಲು. ಮನೆಯ ಬಟ್ಟೆಗಳ ಜೊತೆ ಹಾಕಬೇಡಿ.

ಬ್ರಷ್: ಮರದ ಹಿಡಿಯ, ನಾರಿನ ಬ್ರಷ್‌ಗಳನ್ನು ಸುಟ್ಟುಬಿಡಿ. ಬುಡದಲ್ಲಿ ಸೇರಿದ ಕೂದಲು ಏನು ಮಾಡಿದರೂ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಆದರೆ ಸೋಪಿನಲ್ಲಿ ಉಜ್ಜಿ, ಕೂದಲು ಪೂರ್ತಿ ತೆಗೆದು, ಬ್ಲೀಚ್ ನೀರಿನಲ್ಲಿ 10 ನಿಮಿಷ ಮುಳುಗಿಸಿ. 1 ಪಾಲು ಮನೆಬಳಕೆಯ ಬ್ಲೀಚ್‌ಗೆ 9 ಪಾಲು ನೀರು ಸಾಕು. ಅವತ್ತಿನದನ್ನು ಅವತ್ತೇ ಕಲಸಿ. ಬಿಸಿಲಿಗಿಟ್ಟ ಬ್ಲೀಚ್ ನೀರು ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ಚರ್ಮದ ಜೀನು, ಲಗಾಮು: ಬ್ಲೀಚ್ ತಾಗಿಸಬೇಡಿ, ಬಿರುಕು ಬಿಡುತ್ತದೆ. ಜೀನು ತೊಳೆಯುವ ಸೋಪಿನಿಂದ ಎರಡು ಸಲ ಉಜ್ಜಿ ಒರೆಸಿ. ಹೊಲಿಗೆ, ಬಕಲ್ ಸಂದುಗಳಿಗೆ ಹಳೆ ಹಲ್ಲುಜ್ಜುವ ಬ್ರಷ್ ಹಿಡಿಯಿರಿ, ಆಮೇಲೆ ಅದನ್ನೂ ಬಿಸಾಡಿ. ಎನಿಲ್‌ಕೊನಜೋಲ್ ದ್ರಾವಣದಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಕೊನೆಗೆ ಎಣ್ಣೆ ಕೊಡಿ.

ಗರ್ತ್: ಕುದುರೆಗೊಂದು. ಇದರಲ್ಲಿ ರಾಜಿ ಬೇಡ. ಖರ್ಚು ಅನ್ನಿಸಿದರೆ ನಮ್ಮ ಆರು ಕುದುರೆಗಳು ಎರಡು ತಿಂಗಳು ಕೆಲಸವಿಲ್ಲದೆ ನಿಂತ ಲೆಕ್ಕ ಹಾಕಿ.

ಮೈಸೂರಿನ ಟಾಂಗಾದವರಂತೆ ಒಂದೇ ಕುದುರೆಯ ದುಡಿಮೆಯಲ್ಲಿ ಮನೆ ನಡೆಸುವವರಿಗೆ ಎರಡು ತಿಂಗಳು ನಿಲ್ಲಿಸಿ ಅನ್ನುವುದು ಕಷ್ಟದ ಮಾತು. ಚುಕ್ಕೆಯ ಮೇಲೆ ಪಟ್ಟಿ ಬರುವಂತಿದ್ದರೆ ವಾಸಿಯಾಗುವವರೆಗೆ ಕಟ್ಟಬಾರದು. ಪಟ್ಟಿ ತಾಗದ ಜಾಗದಲ್ಲಿದ್ದರೆ ವೈದ್ಯರನ್ನು ಕೇಳಿ. ಕಟ್ಟುವುದಾದರೆ ಸರಂಜಾಮಿನ ಅಡಿಗೆ ದಿನಾ ಹೊಸದಾಗಿ ಕುದಿಸಿ ಒಣಗಿಸಿದ ಹತ್ತಿ ಬಟ್ಟೆ ಹಾಕಿ. ಬೇರೆ ಗಾಡಿಯವರ ಸರಂಜಾಮು ತರಬೇಡಿ, ಕೊಡಲೂ ಬೇಡಿ. ಪ್ರಯಾಣಿಕರಿಗೆ, ಮಕ್ಕಳಿಗೆ ಮುಟ್ಟಬೇಡಿ ಅನ್ನಿ.

ಲಾಯದ ಗೋಡೆ, ನೆಲ, ಗಾಡಿ

ಹಾಸಿದ ಹುಲ್ಲು, ಹೊಟ್ಟನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ತೆಗೆಯಿರಿ. ಒಣಗಿದ್ದನ್ನು ಗುಡಿಸಿದರೆ ಧೂಳಿನ ಜೊತೆ ರೋಗ ಏಳುತ್ತದೆ. ತೆಗೆದದ್ದನ್ನು ಕುದುರೆಗಳು ಓಡಾಡದ ಕಡೆ ಸುಡಿ ಅಥವಾ ಹೂಳಿ. ಗೋಡೆ, ಬಾಗಿಲ ಅಂಚು, ಕಟ್ಟುವ ಕಂಬ, ಗೋದಲಿಯ ಅಂಚು, ಕುದುರೆ ಮೈ ಉಜ್ಜುವ ಜಾಗವನ್ನೆಲ್ಲ ಸೋಪು ನೀರಿನಲ್ಲಿ ತಿಕ್ಕಿ. ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಸೋಪು ಪೂರ್ತಿ ತೊಳೆದ ಮೇಲೆ ಬ್ಲೀಚ್ ನೀರು ಹೊಡೆದು 10 ನಿಮಿಷ ಒದ್ದೆಯಾಗಿಯೇ ಇರಲಿ.

ಆಗ ಕುದುರೆ ಹೊರಗಿರಬೇಕು, ಬಾಗಿಲು ಕಿಟಕಿ ತೆರೆದಿರಬೇಕು. ಕುದುರೆ ಗಂಜಳದಲ್ಲಿ ಅಮೋನಿಯಾ ಇರುತ್ತದೆ. ಅದರ ಮೇಲೆ ನೇರ ಬ್ಲೀಚ್ ಸುರಿದರೆ ಉಸಿರುಕಟ್ಟಿಸುವ ವಿಷಗಾಳಿ ಏಳುತ್ತದೆ. ಮೊದಲು ನೀರಿನಿಂದ ತೊಳೆದು ಹಾಕಿ. ಆಸಿಡ್, ಗಂಧಕ ಸುಣ್ಣ ಯಾವುದನ್ನೂ ಬ್ಲೀಚ್ ಜೊತೆ ಸೇರಿಸಬೇಡಿ. ಹಳೆಯ ಮರದ ಕಂಬ ಸೀಳು ಬಿಟ್ಟಿದ್ದರೆ ಬದಲಿಸುವುದೇ ಮೇಲು.

ಕುದುರೆ ಸಾಗಿಸಿದ ಗಾಡಿಯನ್ನು ಮರೆಯಬೇಡಿ. ಲಾಳ ಹೊಡೆಯುವವರ ಏಪ್ರನ್ ಕುದುರೆಯಿಂದ ಕುದುರೆಗೆ, ಲಾಯದಿಂದ ಲಾಯಕ್ಕೆ ಹೋಗುತ್ತದೆ. ಅವರಿಗೆ ಮೊದಲೇ ಹೇಳಿ, ಕೆಂಪು ಕುದುರೆ ಕೊನೆಗೆ ಮಾಡಿಸಿ.

ಸೈಸ್‌ಗಳು, ಮಕ್ಕಳು, ಸವಾರರು

ರೋಗದ ಕುದುರೆಯನ್ನು ದಿನಕ್ಕೆ ಹತ್ತು ಸಲ ಮುಟ್ಟುವವರು ಸೈಸ್‌ಗಳು. ಅವರಿಗೆ ಕೈಗವಸು, ಸೋಪು, ಎರಡು ಜೊತೆ ಕೆಲಸದ ಬಟ್ಟೆ ಕೊಡುವುದು ಮಾಲೀಕರ ಜವಾಬ್ದಾರಿ. ಬಟ್ಟೆ ಒಗೆಯುವ ವ್ಯವಸ್ಥೆ ಲಾಯದಲ್ಲೇ ಇರಲಿ, ಮನೆಗೆ ಒಯ್ಯುವುದು ಬೇಡ. ಆ ಪುಟ್ಟ ಹುಡುಗಿಗೆ ರೋಗ ಹತ್ತಿದ್ದು ಅಪ್ಪನ ಕೆಲಸದ ಅಂಗಿಯಿಂದ ಇರಬೇಕು. ಕೆಲಸ ಮುಗಿಸಿ ಬಂದ ಅಪ್ಪನ ಹೆಗಲ ಮೇಲೆ ಮಲಗುವ ಮಗು ಅದು.

ಕೈ, ಕುತ್ತಿಗೆ, ಸೊಂಟದಲ್ಲಿ ಕೆಂಪು ಬಳೆಯಂಥ ಕಲೆ ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ, ಕುದುರೆಗಳ ಜೊತೆ ಕೆಲಸ ಮಾಡುತ್ತೇನೆ ಅಂತ ಹೇಳಿ. ಆ ದಿನದ ಕೂಲಿ ಕತ್ತರಿಸಬೇಡಿ. ಕೂಲಿ ಹೋಗುತ್ತದೆ ಅನ್ನುವ ಭಯಕ್ಕೇ ಜನ ಕಲೆ ಮುಚ್ಚಿಟ್ಟುಕೊಳ್ಳುತ್ತಾರೆ. "ಯಾರು ತಂದಿದ್ದು?" ಅಂತ ಕೂಗಾಡಿದರೂ ಅಷ್ಟೇ, ಮುಂದಿನ ಚುಕ್ಕೆಯನ್ನು ನಿಮಗೆ ಯಾರೂ ತೋರಿಸುವುದಿಲ್ಲ. ನಮ್ಮಲ್ಲಿ ಚುಕ್ಕೆ ಮೊದಲು ಕಂಡುಹಿಡಿದವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳುತ್ತೇವೆ.

ಸವಾರಿ ಕಲಿಯಲು ಬರುವವರಿಗೂ ವಿಷಯ ತಿಳಿಸಿ. ನಾವು ಮೊದಲ ವಾರ ಮುಚ್ಚಿಟ್ಟೆವು. ಅದು ತಪ್ಪು. ಹೇಳಿದ ಮೇಲೆ ಕೆಲವರು ಎರಡು ತಿಂಗಳು ಬರಲಿಲ್ಲ, ಆದರೆ ವಾಪಸ್ ಬಂದರು. ಸಣ್ಣ ಮಕ್ಕಳು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಕೆಂಪು, ಹಳದಿ ಕುದುರೆಗಳ ಹತ್ತಿರ ಹೋಗುವುದು ಬೇಡ. ಈ ಅವಧಿಯಲ್ಲಿ ಯಾವ ಸ್ಪರ್ಧೆಗೂ ಕುದುರೆ ಕಳಿಸಬೇಡಿ, ಹಸಿರು ಟೇಪಿನದ್ದನ್ನೂ ಬೇಡ.

ಮುಗಿಯಿತು ಅಂತ ಯಾವಾಗ ಹೇಳುವುದು?

ಹೊಟ್ಟು ನಿಂತು, ಚುಕ್ಕೆಯ ನಡುವಿನಿಂದ ಮೆತ್ತನೆಯ ಹೊಸ ಕೂದಲು ಬರಬೇಕು. ಅಂಚು ಬೆಳೆಯುವುದು ನಿಲ್ಲಬೇಕು. ಇಡೀ ಲಾಯದಲ್ಲಿ 3 ವಾರ ಹೊಸ ಚುಕ್ಕೆ ಕಾಣಬಾರದು. ಅನುಕೂಲ ಇದ್ದರೆ ಇನ್ನೊಮ್ಮೆ ಸ್ಯಾಂಪಲ್ ಕಳಿಸಿ. ಹೊರಗೆ ಚೆಂದ ಕಂಡರೂ ಕೂದಲಲ್ಲಿ ಶಿಲೀಂಧ್ರ ಉಳಿದಿರಬಹುದು. ನಾಲ್ಕು ತೊಳೆತದ ನಂತರವೂ ಹರಡುತ್ತಿದ್ದರೆ, ಕೀವು ಬಂದರೆ, ಕುದುರೆ ಮೇವು ಬಿಟ್ಟರೆ ರೋಗನಿರ್ಣಯವೇ ತಪ್ಪಿರಬಹುದು. ವೈದ್ಯರನ್ನು ಮತ್ತೆ ಕರೆಸಿ.

ಮುಗಿದಿದೆ ಅನ್ನಿಸಿದ ದಿನ ಲಾಯವನ್ನು ಇನ್ನೊಮ್ಮೆ ಪೂರ್ತಿ ತೊಳೆಯಿರಿ. ಟೇಪ್ ಬಿಚ್ಚುವುದು ಅದಾದ ಮೇಲೆ.

ಹೊಸ ಕುದುರೆ ಬಂದಾಗ

ಎಷ್ಟು ಒಳ್ಳೆಯ ಲಾಯದಿಂದ ಬಂದರೂ 21 ದಿನ ಬೇರೆ ಕಡೆ. ತನ್ನದೇ ಹಾಲ್ಟರ್, ತನ್ನದೇ ಬ್ರಷ್, ತನ್ನದೇ ಬಕೆಟ್. ಬಂದ ದಿನವೇ ಮೈಯೆಲ್ಲ ಬೆರಳಾಡಿಸಿ, ಆಮೇಲೆ ಎರಡು ದಿನಕ್ಕೊಮ್ಮೆ. ಜೊತೆಗೆ ಬಂದ ಕಂಬಳಿ, ಗರ್ತ್‌ಗಳನ್ನು ತೊಳೆಯದೆ ಸಾಮಾನಿನ ಕೋಣೆಗೆ ಒಯ್ಯಬೇಡಿ. ಸೆಕೆಂಡ್ ಹ್ಯಾಂಡ್ ಜೀನು ಕೊಂಡರೂ ಅದೇ ನಿಯಮ. ಪಕ್ಕದ ದನದ ಕೊಟ್ಟಿಗೆಯ ಕರುವಿಗೆ ಕಣ್ಣಿನ ಸುತ್ತ ಬೂದು ಹೊಟ್ಟು ಕಂಡರೆ, ಲಾಯದ ಬೆಕ್ಕಿನ ಕಿವಿಯ ಕೂದಲು ಉದುರಿದ್ದರೆ ಅವಕ್ಕೂ ಚಿಕಿತ್ಸೆ ಮಾಡಿಸಿ.

ಮಳೆಗಾಲದಲ್ಲಿ ಒದ್ದೆ ಮೈಗೆ ಜೀನು ಬಿಗಿಯಬೇಡಿ. ಬೆವರಿದ ಗರ್ತನ್ನು ಹಾಗೇ ಮೊಳೆಗೆ ನೇತುಹಾಕದೆ ತೊಳೆದು ಒಣಗಿಸಿ. ನಮ್ಮ ಲಾಯದಲ್ಲಿ ಈಗ ಪ್ರತಿ ಗರ್ತ್ ಮೇಲೆ ಕುದುರೆಯ ಹೆಸರು ಹೊಲಿದಿದೆ. ಹೊಲಿದುಕೊಟ್ಟವರು ಆ ಮಗುವಿನ ಅಮ್ಮ. ಹೊಸ ಕುದುರೆಯ 21 ದಿನ ಮುಗಿದ ಸಂಜೆ ಅವರಿಗೆ ಇನ್ನೊಂದು ಹೆಸರು ಬರೆದು ಕೊಡುತ್ತೇವೆ.